ಬೀರುವಿನ ಹಿಂದಿನ ಗೋಡೆ

ದಬ್ಬಣ ಹಿಡಿಯವರೆಗೂ ಒಳಗೆ ಹೋಯಿತು. ಸದ್ದೇ ಆಗಲಿಲ್ಲ.

ಮರಕ್ಕೆ ಚುಚ್ಚಿದರೆ ಏನಾದರೊಂದು ಸದ್ದಾಗಬೇಕು ಎಂದು ಸಿಲ್ವಾಂ ಕಾದಿದ್ದ. ಗೋಡೆಯ ಬುಡಕ್ಕೆ ಬಡಿದಿದ್ದ ಮರದ ಪಟ್ಟಿ ನೋಡುವುದಕ್ಕೆ ಗಟ್ಟಿಮುಟ್ಟಾಗಿತ್ತು. ಮೇಲಿನ ನೀಲಿ ಬಣ್ಣ ಎಲ್ಲಿಯೂ ಚಕ್ಕೆ ಎದ್ದಿರಲಿಲ್ಲ. ತಪಾಸಣೆಗೆ ಬಂದಿದ್ದ ಬೊನ್ನೊ ಮಂಡಿಯೂರಿದಲ್ಲೇ ಒಂದು ಗೇಣು ಆಚೆ ಸರಿದು ಇನ್ನೊಮ್ಮೆ ಚುಚ್ಚಿದ. ಅಲ್ಲಿಯೂ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಿತು. ಅವನು ದಬ್ಬಣವನ್ನು ಎಳೆದು, ಪ್ಯಾಂಟಿಗೆ ಒರೆಸಿ, ಸೆಂಟಿನ ವಾಸನೆ ಸೂಸುತ್ತ ಎದ್ದು ನಿಂತ.

"ಇದೆ," ಅಂದ.

"ಏನಿದೆ?"

"ಇನ್ನೇನಿರುತ್ತೆ ಸಾರ್? ಗೆದ್ದಲು."

ಅಂದು ಮಧ್ಯಾಹ್ನ ಮೂರಕ್ಕೆ ಸಿಲ್ವಾಂನ ಮನೆಯ ಕ್ರಯಪತ್ರಕ್ಕೆ ಸಹಿ ಬೀಳಬೇಕಿತ್ತು. ಫ್ರಾನ್ಸಿನ ಈ ರೋಶ್‌ಫೋರ್‌ ಊರಿನಲ್ಲಿ ಗೆದ್ದಲಿನ ವರದಿ ಇಲ್ಲದೆ ಯಾರೂ ಮನೆ ಮಾರುವಂತಿಲ್ಲ. ಆ ವರದಿಯ ಆಯುಸ್ಸು ಆರೇ ತಿಂಗಳು. ವಸಂತದಲ್ಲಿ ಇದೇ ಬೊನ್ನೊ ಬಂದು ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟಿದ್ದ. ಆಮೇಲೆ ಪುರಸಭೆಯ ಯಾವುದೋ ಕಾಗದ ತಡವಾಯಿತು, ಕ್ರಯಪತ್ರ ಮಾಡಿಸುವ ನೋಟರಿ ರಜೆಗೆ ಹೋದಳು, ವರದಿ ಸತ್ತಿತು. ಹೊಸದು ಬೇಕು ಎಂದಾಗ ಸಿಲ್ವಾಂ ಸಹಿಯ ದಿನ ಬೆಳಿಗ್ಗೆಯೇ ಬರಲು ಹೇಳಿದ್ದ. ಖಾಲಿ ಮನೆ, ಬೇಗ ಮುಗಿಯುತ್ತದೆ ಎಂಬುದು ಅವನ ಲೆಕ್ಕಾಚಾರ. ಹಿಂದಿನ ವಾರವೇ ಹಳೆ ಸಾಮಾನು ದಾನ ಪಡೆಯುವ ಅಂಗಡಿಯವರು ಬಂದು ಸೋಫಾ, ಮಂಚ, ಹಜಾರದಲ್ಲಿದ್ದ ಓಕ್ ಮರದ ದೊಡ್ಡ ಬೀರು ಎಲ್ಲವನ್ನೂ ಹೊತ್ತೊಯ್ದಿದ್ದರು.

ಮನೆ ಕೊಳ್ಳಲು ದೂರದ ಲೀಲ್‌ನಿಂದ ಬಂದಿದ್ದ ಮದಾಮ್ ದುತ್ವಾ ಬಾಗಿಲ ಬಳಿ ಕೋಟು ತೆಗೆಯದೆ ನಿಂತಿದ್ದಳು. ನಿವೃತ್ತ ನರ್ಸ್. ಸಹಿಗೆ ಮುಂಚೆ ಕೊನೆಯದಾಗಿ ಒಮ್ಮೆ ನೋಡಿಹೋಗಲು ಬಂದಿದ್ದವಳು ಈಗ ನೋಡಬಾರದ್ದನ್ನು ನೋಡಿಯಾಗಿತ್ತು.

"ಹೋದ ಸಲ ಬಂದಿದ್ದೂ ನೀವೇ ಅಲ್ವೇನ್ರೀ?" ಎಂದು ಬೊನ್ನೊನನ್ನು ಕೇಳಿದಳು.

"ನಾನೇ."

"ಆಗ ಕಣ್ಣು ಮನೇಲಿ ಬಿಟ್ಟು ಬಂದಿದ್ರಾ?"

"ಆಗ ಇಲ್ಲಿ ಬೀರು ಇತ್ತು ಮೇಡಂ. ನಾನು ತಪಾಸಣೆ ಮಾಡೋನು, ಸಾಮಾನು ಹೊರೋನಲ್ಲ. ಬೀರುವಿನ ಹಿಂದೆ ನೋಡಿಲ್ಲ ಅಂತ ಬರೆದೇ ಕೊಟ್ಟಿದ್ದೆ. ಓದಿದ್ರೆ ಕಾಣ್ತಿತ್ತು."

"ಓದಿದ್ದೆ ಕಣ್ರೀ. ಬೀರು ಅಷ್ಟು ಚೆನ್ನಾಗಿತ್ತು, ಅದರ ಬೆನ್ನು ಯಾರು ನೋಡ್ತಾರೆ?" ಅವಳು ಸಿಲ್ವಾಂ ಕಡೆ ತಿರುಗಿದಳು. "ಅದು ಇಲ್ಲಿಗೆ ಯಾವಾಗ ಬಂತು, ಮೇಷ್ಟ್ರೇ?"

ಸಿಲ್ವಾಂ ಲೆಕ್ಕ ಹಾಕಿದ. ಬೀರು ಮೊದಲು ಮಹಡಿಯ ಮೇಲಿತ್ತು, ಅದು ನೆನಪಿದೆ. ಒಂದು ಸಂಜೆ ಶಾಲೆಯಿಂದ ಬಂದಾಗ ಹಜಾರದಲ್ಲಿತ್ತು. ಕೋಟನ್ನು ಅದರೊಳಗೆ ನೇತುಹಾಕಿ, ಅನುಕೂಲವಾಯಿತು ಎಂದುಕೊಂಡು ಊಟಕ್ಕೆ ಕೂತಿದ್ದ. ಒಬ್ಬರ ಕೈಲಿ ಅಲುಗಾಡದ ಆ ಬೀರುವನ್ನು ಮೆಟ್ಟಿಲು ಇಳಿಸಿದವರು ಯಾರು ಎಂದು ಕೇಳಿರಲಿಲ್ಲ. ಅದು ಯಾವ ವರ್ಷ?

"ಬಹಳ ಹಿಂದೆ," ಅಂದ.

ಬೊನ್ನೊ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಮೇಲೇರಿದ. ಸೊಂಟದ ಎತ್ತರದಲ್ಲಿ ಸದ್ದು ಬದಲಾಯಿತು. "ಇಲ್ಲಿ ಯಾರೋ ತೇಪೆ ಹಾಕಿದಾರೆ ನೋಡಿ. ಗೆದ್ದಲಿನ ಮಣ್ಣು ಕೆರೆದು, ಗಾರೆ ತುಂಬಿ, ಮೇಲೆ ಬಣ್ಣ. ಕೆಲಸ ಮಾತ್ರ ನೀಟು."

ಬಣ್ಣ ಅಡಿಗೆಮನೆಯ ನೀಲಿಯೇ. ಅಡಿಗೆಮನೆಗೆ ಬಣ್ಣ ಹೊಡೆದವಳು ಎದ್ವಿಜ್, ಅವನ ಹೆಂಡತಿ.

"ಎಷ್ಟು ವರ್ಷದ್ದು?" ಎಂದಳು ಮದಾಮ್ ದುತ್ವಾ.

"ಇದೆಯಾ, ಇಲ್ವಾ ಅಂತ ಹೇಳೋದಷ್ಟೇ ನನ್ನ ಕೆಲಸ ಮೇಡಂ. ಯಾವಾಗಿಂದ ಇದೆ, ಯಾರಿಗೆ ಗೊತ್ತಿತ್ತು, ಅದೆಲ್ಲ ನಿಮ್ಮನಿಮ್ಮೊಳಗೆ." ಅವನು ಚೀಲದ ಜಿಪ್ಪು ಎಳೆದ. ಮದಾಮ್ ದುತ್ವಾ ಅವನಿಗಿಂತ ಮುಂಚೆ ಮೆಟ್ಟಿಲಿಳಿದು, ಬೀದಿಯ ಮಂಜಿನೊಳಗೆ ನಡೆದಳು.

ಸಿಲ್ವಾಂ ಹಿತ್ತಲಿಗೆ ಹೋಗಿ ಎದ್ವಿಜ್‌ಗೆ ಫೋನು ಮಾಡಿದ. ಅವಳು ಬೇಸಿಗೆಯಿಂದ ಹತ್ತಿರದ ಊರು ಸ್ಯಾಂತ್‌ನಲ್ಲಿ ಫ್ಲಾಟು ಹಿಡಿದಿದ್ದಳು, ಇವನು ಶಾಲೆಯ ಹತ್ತಿರ ಒಂದು ರೂಮು. ಇಷ್ಟು ವರ್ಷದ ಸಂಸಾರವನ್ನು ಒಂದು ತಟ್ಟೆಯನ್ನೂ ಒಡೆಯದೆ ಮುಗಿಸಿದ್ದರು. ಸ್ನೇಹಿತರು ಅದನ್ನು ಮೆಚ್ಚಿ ಮಾತಾಡಿದ್ದರು. ಉಳಿದಿದ್ದುದು ಈ ಮನೆಯೊಂದೇ.

"ಹೇಳು," ಅಂದಳು.

"ಬೊನ್ನೊ ಬಂದಿದ್ದ. ಬೀರು ಇತ್ತಲ್ಲ, ಆ ಗೋಡೆ..."

"ಸಿಕ್ತಾ?"

ಏನು ಎಂದು ಅವಳು ಕೇಳಲಿಲ್ಲ. ಸಿಕ್ತಾ ಎಂದು ಕೇಳಿದಳು.

"ನಿಂಗೆ ಗೊತ್ತಿತ್ತಾ?"

"ಬೀರು ಕೊನೇಲಿ ಕಳಿಸು ಅಂತ ಹೇಳಿದ್ದೆ ನಿಂಗೆ."

"ಯಾಕೆ ಅಂತ ಹೇಳಿರ್ಲಿಲ್ಲ."

"ನೀನು ಕೇಳ್ಲಿಲ್ಲ." ಎಲ್ಲೋ ಬಸ್ಸಿನ ಬಾಗಿಲು ಮುಚ್ಚಿದ ಸದ್ದು. "ಮೂರಕ್ಕೆ ಅಲ್ಲಿರ್ತೀನಿ. ನೀನೇನೂ ಮಾತಾಡೋಕೆ ಹೋಗ್ಬೇಡ. ನಿಂಗೆ ಅದೇನು ಕಷ್ಟ ಅಲ್ಲ."

ಮಧ್ಯಾಹ್ನದವರೆಗೆ ಅವನು ಚೌಕದ ಕೆಫೆಯಲ್ಲಿ ಕೂತ. ತರಿಸಿದ ಆಮ್ಲೆಟ್ ಆರಿಹೋಯಿತು. ತತ್ವಶಾಸ್ತ್ರದ ಪರೀಕ್ಷೆಗೆ ಕೂರುವ ಹುಡುಗರಿಗೆ ಅವನು ವರ್ಷವರ್ಷವೂ ಕೊಡುವ ಒಂದು ಪ್ರಶ್ನೆಯಿತ್ತು: ತನಗೆ ಗೊತ್ತಿಲ್ಲದ್ದಕ್ಕೆ ಮನುಷ್ಯ ಹೊಣೆಯೇ? ಅವರು ತಾಸುಗಟ್ಟಲೆ ಬರೆಯುತ್ತಿದ್ದರು. ಅವನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಉದಾಹರಣೆ ಎಲ್ಲಿ?" ಎಂದು ಬರೆಯುತ್ತಿದ್ದ.

ಇನ್ನೂ ಏನೇನು ಗೊತ್ತಿತ್ತು ಅವಳಿಗೆ? ಗೊತ್ತಿದ್ದ ಹೆಂಗಸು ಎದುರು ಕೂತು ಸೂಪು ಕುಡಿಯುತ್ತಿದ್ದಳು, ಉಪ್ಪು ಕೊಡು ಎನ್ನುತ್ತಿದ್ದಳು. ಅವನು ಉಪ್ಪು ಕೊಡುತ್ತಿದ್ದ. ತನಗೆ ಅರಿವಿಲ್ಲದೆ ಸಿಲ್ವಾಂ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಕುರ್ಚಿಯ ಕೈ. ಹೊರಗೆ ಬರುವಾಗ ಬಾಗಿಲ ಚೌಕಟ್ಟು. ಎಲ್ಲವೂ ಬಣ್ಣ ಬಳಿದುಕೊಂಡು ಗಟ್ಟಿಯಾಗಿಯೇ ಇದ್ದವು, ಮತ್ತು ಅದರಿಂದ ಯಾವ ಸಮಾಧಾನವೂ ಸಿಗಲಿಲ್ಲ.

ನೋಟರಿ ಪೆಲ್ತಿಯೇಯ ಕೋಣೆಯಲ್ಲಿ ಎದ್ವಿಜ್ ಆಗಲೇ ಕೂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ಮದಾಮ್ ದುತ್ವಾ ಅವಳತ್ತ ಬೆನ್ನು ಮಾಡಿ ಕಿಟಕಿಯ ಬಳಿ ನಿಂತಿದ್ದಳು.

"ಪರಿಸ್ಥಿತಿ ಹೀಗಿದೆ," ಎಂದಳು ನೋಟರಿ. ಗಟ್ಟಿಯಾಗಿ ಓದಿ ಓದಿ ಅವಳ ಮಾತೆಲ್ಲ ಕ್ರಯಪತ್ರದ ರಾಗಕ್ಕೆ ಬಂದಿತ್ತು. "ಗೆದ್ದಲು ಸಿಕ್ಕಿದ್ರಿಂದ ಮದಾಮ್ ದುತ್ವಾ ಎದ್ದು ಹೋಗಬಹುದು. ಇಲ್ಲಾಂದ್ರೆ ಬೆಲೆ ಇಳಿಸಿಕೊಂಡು ಸಹಿ ಹಾಕಬಹುದು. ಅವರು ಸಹಿ ಹಾಕೋಕೆ ತಯಾರಿದ್ದಾರೆ."

"ತಯಾರಿರದೆ ಏನ್ ಮಾಡ್ಲಿ?" ಮದಾಮ್ ದುತ್ವಾ ತಿರುಗಿದಳು. "ನನ್ನ ಸಾಮಾನಿನ ಲಾರಿ ಲೀಲ್ ಬಿಟ್ಟಾಯ್ತು. ಅಲ್ಲಿ ನನ್ನ ಬಾಗಿಲಿಗೆ ಬೇರೆಯವರ ಬೀಗ ಬಿದ್ದಿದೆ. ಆದ್ರೆ ಒಂದ್ ಮಾತು. ದುರದೃಷ್ಟ ಅಂದ್ರೆ ತಡ್ಕೋತೀನಿ. ಜೀವಮಾನವೆಲ್ಲಾ ಬೇರೆಯವರ ದುರದೃಷ್ಟ ಒರೆಸಿದ ಕೈ ಇದು. ಮೋಸ ಅಂದ್ರೆ ಮಾತ್ರ ಒಂದು ಗಳಿಗೆ ತಡ್ಕೊಳ್ಳಲ್ಲ. ಕೋರ್ಟಿಗೆ ಎಳೀತೀನಿ."

"ಹಾಗಾಗಿ ನಾನು ಕೇಳಬೇಕಾದ್ದು ಒಂದೇ," ನೋಟರಿ ಕನ್ನಡಕ ಸರಿಮಾಡಿಕೊಂಡಳು. "ನಿಮಗೆ ಇದು ಗೊತ್ತಿತ್ತಾ? ಮೇಡಂ?"

"ಇಲ್ಲ," ಎಂದಳು ಎದ್ವಿಜ್. ಬಿಸಿಲಿದೆಯೇ ಎಂದು ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದಳು.

"ಸಾರ್?"

ಇಲ್ಲ ಎನ್ನುವುದು ಅವನಿಗೆ ಸುಲಭವಿತ್ತು, ಮತ್ತು ನಿಜವಿತ್ತು. ಆ ಪದ ನಾಲಿಗೆಯ ತುದಿಗೆ ಬಂದೂ ಇತ್ತು. ಹೇಳಿದರೆ ಮನೆ ಹೋಗುತ್ತದೆ, ಎದ್ವಿಜ್ ಹೋಗುತ್ತಾಳೆ, ಸಂಜೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅವನು ಮದಾಮ್ ದುತ್ವಾಳ ಮುಖ ನೋಡಿದ. ಅಲ್ಲಿ ಅನುಮಾನ ಕರಗುತ್ತ ಬಂದಿತ್ತು. ಅದರ ಜಾಗಕ್ಕೆ ಬರುತ್ತಿದ್ದುದು ಅವನಿಗೆ ಸಹಿಸಲಾಗಲಿಲ್ಲ. ರೋಗಿಗಳನ್ನು ನೋಡಿ ಅಭ್ಯಾಸವಾದ ಕನಿಕರ ಅದು: ಪಾಪ, ಪುಸ್ತಕದ ಹುಳು, ಇವರಿಗೇನು ಗೊತ್ತಾಗಬೇಕು! ಎದ್ವಿಜ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಏನು ಹೇಳುತ್ತಾನೆ ಎಂಬ ಆತಂಕವೂ ಅವಳಿಗಿರಲಿಲ್ಲ. ಅವನು ಹೇಳುವುದಕ್ಕಾದರೂ ಏನಿತ್ತು?

ಏನೂ ತಿಳಿಯದ ಪೆದ್ದನಾಗಿ ಕೂತಿರಲು ಅವನಿಗೆ ನಾಚಿಕೆಯಾಯಿತು. ಮೋಸಗಾರನಿಗೆ ಒಂದು ಗುಟ್ಟಾದರೂ ಇರುತ್ತದೆ.

"ಗೊತ್ತಿತ್ತು," ಅಂದ ಸಿಲ್ವಾಂ.

ನೋಟರಿಯ ಪೆನ್ನು ನಿಂತಿತು.

"ಏನಂದ್ರಿ?"

"ಗೊತ್ತಿತ್ತು. ಮೊದಲಿನಿಂದ." ಅವನ ದನಿ ಅವನಿಗೇ ಹೊಸದಾಗಿ ಕೇಳಿತು. ಪಾಠ ಹೇಳುವಾಗಲೂ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದು ನೆನಪಿರಲಿಲ್ಲ. "ಅದಕ್ಕೇ ಬೀರು ಅಲ್ಲಿಟ್ಟಿದ್ದು."

"ಥೂ!" ಎಂದಳು ಮದಾಮ್ ದುತ್ವಾ. ಕೈಚೀಲ ಎತ್ತಿಕೊಂಡಳು. "ಬೆಳಿಗ್ಗೆ ನನ್ನ ಮುಂದೆ ನಿಂತು ಎಷ್ಟು ಪೆಚ್ಚುಮೋರೆ ಹಾಕಿದ್ರಿ ಮೇಷ್ಟ್ರೇ! ನಾನು ನಂಬಿಬಿಟ್ಟಿದ್ದೆ. ಮಕ್ಕಳಿಗೂ ಇದನ್ನೇ ಕಲಿಸ್ತೀರಾ? ನೀವೂ ನಿಮ್ಮ ಗೆದ್ದಲೂ ಒಟ್ಟಿಗೇ ಬಾಳಿ. ನಾನು ವಕೀಲರ ಕೈಲಿ ಮಾತಾಡಿಸ್ತೀನಿ."

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿ ನಿಂತಿತು. ಅವಳ ಲಾರಿ ಎಲ್ಲೋ ಹೆದ್ದಾರಿಯಲ್ಲಿ ಈ ಊರಿನತ್ತಲೇ ಬರುತ್ತಿತ್ತು. ಎದ್ವಿಜ್ ಈಗ ಅವನನ್ನೇ ನೋಡುತ್ತಿದ್ದಳು.

ಖಾಲಿ ಮನೆಯ ಕಿಟಕಿಗಳನ್ನು ಬೆಳಿಗ್ಗೆ ತೆರೆದೇ ಬಿಟ್ಟು ಬಂದಿದ್ದ. ಮುಚ್ಚಲು ಹೋಗಬೇಕಿತ್ತು. ಎದ್ವಿಜ್ ಕರೆಯದೆಯೇ ಜೊತೆಗೆ ಬಂದಳು. ಬೈಗುಳಕ್ಕೆ ಅವನು ತಯಾರಾಗಿದ್ದ. ಒಂದು ರೀತಿಯಲ್ಲಿ ಅದಕ್ಕಾಗಿ ಕಾಯುತ್ತಿದ್ದ.

ಮಂಜು ಒಳಗೆ ಬಂದು ಹಜಾರ ತಣ್ಣಗಿತ್ತು. ಅವಳು ಗೋಡೆಯ ಮುಂದೆ ನಿಂತಳು.

"ಯಾವಾಗಿಂದ ಗೊತ್ತಿತ್ತು?"

"ಮೊದಲಿನಿಂದ ಅಂದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೂ ಹೇಳ್ಲಿಲ್ಲ."

ಅವಳು ನಕ್ಕಳು. ಇಲ್ಲ, ಅಳುತ್ತಿದ್ದಳು. ಸಿಲ್ವಾಂಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಹೇಳಿದ್ರೆ ನೀನು 'ನೋಡೋಣ' ಅಂತಿದ್ದೆ. ಎಲ್ಲದಕ್ಕೂ ನೋಡೋಣ ಅಂತಿದ್ದೆಯಲ್ಲ. ಅದೊಂದು ಮಾತು ಕೇಳೋಕೆ ನಂಗೆ ಆಗ್ತಿರ್ಲಿಲ್ಲ. ಅದಕ್ಕೆ ನಾನೇ ಕೆರೆದೆ, ನಾನೇ ಮೆತ್ತಿದೆ. ಪಕ್ಕದ ಮನೆಯವನ ಕೈಕಾಲು ಹಿಡಿದು ಬೀರು ಇಳಿಸಿದೆ. ಕೆಳಗೆ ಬಂದು ಸೋಫಾ ಮೇಲೆ ಮಲಗ್ತಿದ್ದೆ, ನೆನಪಿದೆಯಾ? ನಿನ್ನ ಗೊರಕೆ ಅಂತ ಹೇಳಿದ್ದೆ."

"ಹೌದು."

"ಗೊರಕೆ ಅಲ್ಲ. ಮೇಲೂ ಇದು ಕೇಳ್ತಿತ್ತು, ಹತ್ತಿರ ಬಂದು ಕೇಳಿಸ್ಕೊಳ್ತಿದ್ದೆ. ಕಟಕಟ ಅಂತ, ಒಳಗಡೆ. ತಲೆ ಕೆಟ್ಟಿದೆ ನಂಗೆ, ನಂಗೊಬ್ಳಿಗೇ ಕೇಳ್ತಿದೆ ಅಂದ್ಕೊಂಡಿದ್ದೆ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ಮೇಲೆ ಮಲಗಿ ನೀನೂ ಕೇಳಿಸ್ಕೊಳ್ತಿದ್ದೆ. ಅಷ್ಟು ವರ್ಷ. ದೇವರೇ, ಸಿಲ್ವಾಂ, ನೀನೂ ಕೇಳಿಸ್ಕೊಳ್ತಿದ್ದೆ!"

ಈಗ ಹೇಳಬೇಕು ಎಂದುಕೊಂಡ. ಒಂದೇ ವಾಕ್ಯ: ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದರೆ ಅವಳು ಮತ್ತೆ ಬೆಳಿಗ್ಗೆಯ ಫೋನಿನ ದನಿಗೆ ಮರಳುತ್ತಾಳೆ. ಇಷ್ಟು ಹತ್ತಿರದಿಂದ, ಇಷ್ಟು ಬಿಚ್ಚಿಕೊಂಡು ಅವಳು ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ. ನೋಡುತ್ತಿದ್ದುದು ಅವನನ್ನಲ್ಲ. ಅವನು ಎಂದೂ ಆಗಿರದ ಇನ್ನೊಬ್ಬ ಗಂಡಸನ್ನು.

"ಈ ಮನೆ ಈಗ ಯಾರೂ ಕೊಳ್ಳಲ್ಲ," ಎಂದಳು ಎದ್ವಿಜ್. ಅದನ್ನು ಹೇಳುವಾಗ ಅವಳ ದನಿಯಲ್ಲಿ ದುಃಖವಿರಲಿಲ್ಲ. "ಇವತ್ತು ಇಲ್ಲೇ ಇರ್ಲಾ? ನೆಲದ ಮೇಲಾದ್ರೂ ಸರಿ."

"ನೋ..." ಎಂದವನು ನಿಲ್ಲಿಸಿದ. "ಇರು."

ಅವಳು ಗೋಡೆಗೆ ಕೆನ್ನೆ ಒತ್ತಿ ನಿಂತಳು. ಉಸಿರು ಹಿಡಿದಳು. ಕೈ ಬೀಸಿ ಅವನನ್ನು ಕರೆದಳು. ಅವನು ಹೋಗಿ ಅವಳೆದುರು, ಅದೇ ಎತ್ತರಕ್ಕೆ ಬಗ್ಗಿ, ಕಿವಿಯಿಟ್ಟ. ಗಾರೆ ತಣ್ಣಗಿತ್ತು. ಅವರಿಬ್ಬರ ಮೂಗುಗಳ ನಡುವೆ ಒಂದು ಗೇಣಿನಷ್ಟು ನೀಲಿ ಬಣ್ಣ.

"ಕೇಳಿಸ್ತಾ?"

ಏನೂ ಇರಲಿಲ್ಲ. ತನ್ನ ರಕ್ತ ಕಿವಿಯಲ್ಲಿ ಹರಿಯುವುದೊಂದು, ಅದರಾಚೆ ಏನೂ ಇಲ್ಲ.

"ಹೂಂ," ಅಂದ.

ಅವಳು ಕಣ್ಣು ಮುಚ್ಚಿದಳು. "ನಂಗೆ ಈಗ ಸರಿಯಾಗಿ ಸಿಗ್ತಿಲ್ಲ," ಎಂದು ಪಿಸುಗುಟ್ಟಿದಳು. "ಎಲ್ಲಿ? ತೋರಿಸು."

ಸಿಲ್ವಾಂ ಬೆರಳೆತ್ತಿ ಗೋಡೆಯ ಮೇಲೆ ಎಲ್ಲೋ ಒಂದು ಕಡೆ ಇಟ್ಟ. ಅವಳು ಕಣ್ಣು ತೆರೆದು, ಬೆರಳನ್ನು ನೋಡಿ, ಕಿವಿಯನ್ನು ಅಲ್ಲಿಗೆ ಸರಿಸಿದಳು.