ಕಿಲುಬು ಹಿಡಿದ ಗುಮ್ಮಟ

ನನ್ನ ಗಂಡ ರಮಾಕಾಂತರಿಗೆ ಉಗಿ ಎಂಜಿನ್ನಿನ ಹುಚ್ಚು. ಹುಬ್ಬಳ್ಳಿಯಲ್ಲಿ ಮೀಟರ್ ಗೇಜಿನ ಹಳಿ ಕಿತ್ತು ಉಗಿಬಂಡಿಗಳು ನಿಂತ ಮೇಲೆ ಆ ಹುಚ್ಚು ಸೀದಾ ನಮ್ಮ ಧಾರವಾಡದ ಮನೆಯ ಊಟದ ಮೇಜಿನ ಮೇಲೆ ಬಂದು ಕೂತಿತು. ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದಿನವಿಡೀ ನಕ್ಷೆ ಬರೆದು ಬಂದವರು, ಚಹಾ ಕುಡಿದು ಮೊಳದುದ್ದದ ಎಂಜಿನ್ ಕಟ್ಟಲು ಕೂಡುತ್ತಿದ್ದರು. ಕಟ್ಟಿಗೆ, ರಟ್ಟು, ಪ್ಲಾಸ್ಟಿಕ್ಕು. ಲೋಹ ಅಂತ ಅದರಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ. ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು.

ಕಬ್ಬಿಣ ಬೇಗ ಒಲಿಯಿತು. ಕರಿಬಣ್ಣ ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಆಯಿತು, ಅಸಲಿ ಉಕ್ಕು. ಕೈಕೊಟ್ಟದ್ದು ಹಿತ್ತಾಳೆ. ಬಾಯ್ಲರಿನ ಮೇಲಿನ ಗುಮ್ಮಟ ಔಷಧಿ ಬಾಟಲಿಯ ಬಿಳಿ ಮುಚ್ಚಳ. ಅದಕ್ಕೆ ಬಂಗಾರಬಣ್ಣದ ಪುಡಿಯನ್ನು ವಾರ್ನಿಶಿನಲ್ಲಿ ಕಲೆಸಿ ಹಚ್ಚಿದರು. ನನ್ನ ಅತ್ತೆ ಅಂಬಾಬಾಯಿ ಕನ್ನಡಕ ಏರಿಸಿ ನೋಡಿದರು.

"ಬಣ್ಣ ಅಂದ್ರ ಬಣ್ಣಾನ. ನಾಟಕದ ರಾಜನ ಕಿರೀಟ ಇದ್ಧಂಗ ಅದ."

"ಅವ್ವಾ, ಒಂದಿನ ನೀನ ಇದನ್ನ ಹಿತ್ತಾಳಿ ಅಂತೀ. ಅವತ್ತು ನಾ ಗೆದ್ದೆ," ಎಂದರು ಇವರು.

ಹಚ್ಚುವುದು, ಕೆರೆಯುವುದು, ಮತ್ತೆ ಹಚ್ಚುವುದು. ಕಡೆಗೆ ಹೊಳಪು ತಗ್ಗಿಸಿ, ಬುಡದ ಸಂದಿಯಲ್ಲಿ ತೆಳ್ಳಗೆ ಹಸಿರು ಕಿಲುಬು ಬರೆದರು. "ಹೊಳಿಯೂದನ್ನ ಯಾರೂ ನಂಬೂದಿಲ್ಲ ಚಿನ್ಮಯೀ. ಕಿಲುಬಿದ್ರ ನಂಬತಾರ." ಒಣಗುವ ಮೊದಲೇ ಮುಟ್ಟಿ ಹೆಬ್ಬೆರಳಿನ ಗುರುತು ಮೂಡಿಸಿದರು. ಯಾವತ್ತೂ ಅವಸರ! ನಾಳೆ ಸರಿಮಾಡತೇನಿ ಅಂದರು. ಮರುದಿನ ಕಾರ್ಖಾನೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಮೇಲೇಳಲಿಲ್ಲ. ಅದು ಎರಡು ಸಾವಿರದ ಎರಡರ ಬೇಸಿಗೆ.

ಎಂಜಿನ್ನಿಗೆ ಬಟ್ಟೆ ಮುಚ್ಚಿಟ್ಟೆ. ಯಾರಿಗೂ ಮುಟ್ಟಗೊಡಲಿಲ್ಲ, ಅತ್ತೆಗೂ ತೋರಿಸಲಿಲ್ಲ. ಇವರ ಫೋಟೋ ಮುಟ್ಟಿದರೆ ಗಾಜು ಸಿಗುತ್ತದೆ. ಗುಮ್ಮಟದ ಮೇಲೆ ಹೆಬ್ಬೆರಳಿಟ್ಟರೆ ಇವರದೇ ಹೆಬ್ಬೆರಳು ಸಿಗುತ್ತಿತ್ತು. ನನಗೆ ಅಷ್ಟೇ ಉಳಿದಿತ್ತು.

ವರ್ಷಾಂತಿಕ ಮುಗಿದ ಮೇಲೆ ಮೊದಲ ಖಂಡೇನವಮಿ ಬಂತು. ಮನೆಯ ಹತಾರಗಳನ್ನೆಲ್ಲ ತೊಳೆದು ಪೂಜೆಗಿಡುವ ದಿನ. ನಾನು ಹೂವು ತೆಗೆದುಕೊಂಡು ಬರುವಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಕೂತು, ದೀಪದ ಸಮೆ, ಗಂಟೆಗಳ ಜೊತೆ ಎಂಜಿನ್ನನ್ನೂ ಇಟ್ಟುಕೊಂಡು, ಹುಣಸೆಹಣ್ಣು ಬೂದಿ ಹಾಕಿ ಗುಮ್ಮಟವನ್ನು ತಿಕ್ಕುತ್ತಿದ್ದರು. ಮುಚ್ಚಳ ಬೆಳ್ಳಗೆ ಬೋಳಾಗಿತ್ತು. ಹೆಬ್ಬೆರಳು ಎಲ್ಲಿಯೂ ಇರಲಿಲ್ಲ.

"ಬಾರವಾ ಇಲ್ಲಿ," ಎಂದರು ಗಾಬರಿಯಾಗಿ. "ರಮಾಕಾಂತನ ಎಂಜಿನ್ನೂ ಪೂಜಿಗೆ ಇಡೂಣು ಅಂತ ತಗದೆ. ಕಡೀಕ ಸೋತು ಖರೇ ಹಿತ್ತಾಳಿನ ಕೂಡಿಸ್ಯಾನ, ಕಿಲುಬು ಹತ್ತೇದ ಅಂತ ತೊಳದರ, ತಿಕ್ಕಿದಷ್ಟೂ ಬೆಳ್ಳಗಾಗ್ಲಿಕತ್ತದ!"

ಮೈಯೆಲ್ಲ ಉರಿಯಿತು. ನನ್ನ ನಾಲಿಗೆಗೆ ಓಣಿಯೇ ಹೆದರುತ್ತದೆ. ಆ ಮುದುಕಿಯನ್ನು ಅಲ್ಲೇ ಹರಿದು ಹಾಕಬೇಕೆಂದು ಬಾಯಿ ತೆರೆದೆ.

"ಏನಂದ್ರಿ? ಹಿತ್ತಾಳಿ ಅಂದ್ರ್ಯಾ?"

"ಮತ್ತ? ಹಿತ್ತಾಳಿ ಗೊತ್ತಾಗೂದಿಲ್ಲೇನ ನನಗ?"

"ಏನ್ರೀ, ಗೆದ್ರಿ ನೋಡ್ರಿ!" ಎಂದು ಕೂಗುತ್ತ ಒಳಗೆ ಓಡಿದೆ. ಊಟದ ಮೇಜಿನವರೆಗೂ ಹೋದೆ. ಇವರ ಕುರ್ಚಿ ಮೇಜಿನ ಕೆಳಗೆ ಸರಿದು ನಿಂತಿತ್ತು, ಇವರು ಹೋದ ಮೇಲೆ ನಾನೇ ಸರಿಸಿಟ್ಟಿದ್ದೆ.

ತಿರುಗಿ ಬಂದು, ಹುಣಸೆಹುಳಿ ಮೆತ್ತಿದ ಅತ್ತೆಯ ಕೈ ಹಿಡಿದುಕೊಂಡು ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ. ಅದು ಬಣ್ಣ ಎಂದು ಎಷ್ಟು ಹೇಳಿದರೂ ಅವರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು.

"ಸುಳ್ಳ ಹೇಳಬ್ಯಾಡ ಚಿನ್ಮಯೀ. ನಾ ಕಣ್ಣಾರೆ ನೋಡೇನಿ. ಹಿತ್ತಾಳಿನ ಇತ್ತದು."