ಪಾವಣ್ಯಾರಿಗೆ ಕಾಲಿಗೆ ನೀರು

“ಏ ಬಾಡ್ಯಾ, ಹಲ್ಲು ತೋರ್ಸಲೇ!”

ಬಸವಂತ ತೋರಿಸಿದ. ಕೂಲಿಯಾಳುಗಳ ಮುಕಾದಮ ಸೋಮಣ್ಣ ಎತ್ತು ಕೊಳ್ಳಲು ಬಂದವನಂತೆ ಅವನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದ, ಕೆಳತುಟಿ ಎಳೆದ, ಬೆನ್ನಿಗೊಂದು ಗುದ್ದಿದ.

“ನಲವತ್ತೆರಡು ಮಂದಿಯೊಳಗ ಗುಟ್ಕಾ ಹತ್ತಲಾರದ ಬಾಯಿ ನಿಂದೊಂದ. ನಾಳೆ ಫೋಟೋಕ್ಕ ನೀನ ನಿಲ್ಲು.”

ಗುಟ್ಕಾ ಹತ್ತದಿದ್ದುದಕ್ಕೆ ಕಾರಣ ಶೀಲವಲ್ಲ, ಖಾಲಿ ಕಿಸೆ. ಆದರೂ ತನ್ನ ಯಾದಗಿರಿ ಜಿಲ್ಲೆಗೆ ಇಷ್ಟು ದೊಡ್ಡ ಗೌರವ ಈವರೆಗೆ ಸಿಕ್ಕಿಲ್ಲವೆಂದು ಬಸವಂತ ನಿಂತಲ್ಲೇ ತೀರ್ಮಾನಿಸಿದ. ತೀರ್ಮಾನಗಳಲ್ಲಿ ಅವನೆಂದೂ ಬಡವನಲ್ಲ. ದುಡಿಯಲು ಬಂದ ಈ ಮರಾಠಿ ಊರಲ್ಲಿ, ಮನೀಶ್ ನಗರದ ಮೇಲ್ಸೇತುವೆಯ ಹದಿನೇಳನೆಯ ಕಂಬ ನಿಂತಿರುವುದೇ ಅವನ ಬುಟ್ಟಿಯ ಕಾಂಕ್ರೀಟಿನ ಮೇಲೆ. ಅವನಿಗೆ ಜ್ವರ ಬಂದರೆ ದೇಶದ ಬೆಳವಣಿಗೆ ಅರ್ಧ ಪರ್ಸೆಂಟ್ ಇಳಿಯುತ್ತದೆ, ದಿಲ್ಲಿಯವರು ಬೇರೇನೋ ಕಾರಣ ಹೇಳಿ ಮುಚ್ಚಿಹಾಕುತ್ತಾರೆ. ನಂಬದವರು ಹೋಗಿ ಕಂಬವನ್ನೇ ಕೇಳಬಹುದು.

“ಯಾರು ಬರಾಕತ್ತಾರ್ರೀ?”

“ಪಾಹುಣೆ. ಫಾರಿನ್ ಪಾಹುಣೆ. ಈ ಬ್ರಿಜ್ಜಿಗೆ ರೊಕ್ಕ ಕೊಟ್ಟ ದೇಶದವರು. ಪಸಂದ್ ಬಿತ್ತಂದ್ರ ಮುಂದಿನ ಬ್ರಿಜ್ಜಿಗೂ ಕೊಡ್ತಾರ.”

ಮರಾಠಿಯ ಪಾಹುಣೆ ಯಾವ ಅತಿಥಿಯಾದರೂ ಆದಾನು. ಬಸವಂತನ ಊರಲ್ಲಿ ಪಾವಣ್ಯಾರು ಅಂದರೆ ಬೀಗರು, ಹೆಣ್ಣು ನೋಡಲು ಬರುವವರು. ಅವನಿಗೆ ಎಲ್ಲ ಬರೋಬರ್ ತಿಳಿಯಿತು.

“ಹಂಗಾರ ಹೆಣ್ಣು ಯಾರ್ರೀ?”

“ದೇಶಾನ ಹೆಣ್ಣಲೇ, ಹುಚ್ಚ ಸೂಳೆಮಗನ!”

ಸೋಮಣ್ಣ ಹೇಳಿದ್ದು ಬೈಗುಳವಾಗಿ, ಬಸವಂತ ಎತ್ತಿಕೊಂಡದ್ದು ಸುದ್ದಿಯಾಗಿ. ಸುಳ್ಳೇನಲ್ಲ. ಒಂದು ವಾರದಿಂದ ಹುಡುಗಿಗೆ ಸಿಂಗಾರ ನಡೆದೇ ಇತ್ತು. ರಸ್ತೆಯಂಚಿಗೆ ಬಣ್ಣ ಬಂತು, ಹೂವಿನ ಕುಂಡ ಬಂತು, ಮುಖದ ಕಲೆ ಮುಚ್ಚಲು ಉದ್ದಕ್ಕೂ ಹಸಿರು ಪರದೆ ಬಂತು. ಬಸವಂತನ ತಗಡಿನ ಷೆಡ್ಡು, ಹೆಂಡತಿ ಕಲಾವತಿ, ಇನ್ನೂ ನಲವತ್ತು ಜನ, ಎಲ್ಲರೂ ಆ ಕಲೆಯೊಳಗೇ ಬಿದ್ದರು. ಕೊನೆಗೆ ಮೂಗುತಿ ಇಟ್ಟಂತೆ, ಹದಿನೇಳನೆಯ ಕಂಬದ ಬುಡದಲ್ಲಿ ಒಂದು ಕಾರಂಜಿ.

ಕಾರಂಜಿಗೆ ನೀರು ಬೇಕಲ್ಲ? ಷೆಡ್ಡುಗಳಿಗಿದ್ದ ಒಂದೇ ಒಂದು ನಳದ ಪೈಪು ಕತ್ತರಿಸಿ ಅದಕ್ಕೆ ಕೂಡಿಸಿದರು. ಮೂರು ದಿನವಾಗಿತ್ತು.

ಹೊಸ ಕಾಂಕ್ರೀಟು ಬಿರಿಯಬಾರದೆಂದು ಕಂಬಕ್ಕೆ ಗೋಣಿತಾಟು ಸುತ್ತಿ ದಿನಕ್ಕೆ ಮೂರು ಹೊತ್ತು ನೀರುಣಿಸುತ್ತಾರೆ. ಮನುಷ್ಯರಿಗೆ ಆ ವ್ಯವಸ್ಥೆಯಿಲ್ಲ. ಕಲಾವತಿ ಕಂಬದ ಗೋಣಿ ಹಿಂಡಿ ಕೊಡ ತುಂಬುತ್ತಿದ್ದಳು. ಬೂದಿ ಬಣ್ಣದ ಆ ಸಿಮೆಂಟು ನೀರು ಕುಡಿದು ಎರಡು ದಿನದಿಂದ ಅವಳಿಗೆ ವಾಂತಿ.

“ಹಲ್ಲು ತೋರ್ಸಿ ಬಂದೆಲ್ಲ, ನೀರು ಕೇಳಿದೇನು?” ತಗಡಿಗೆ ಒರಗಿಕೊಂಡೇ ಕೇಳಿದಳು.

“ಇವರನ್ನೇನು ಕೇಳೂದು? ನಾಳೆ ನೇರ ಫಾರಿನ್‌ಗೇ ಕೇಳ್ತೀನಿ.”

“ನಿನ್ನ ಬಾಯಾಗಿನ ನೀರೊಂದು ಆರೂದಿಲ್ಲ ನೋಡು. ಅದನ್ನ ಕೊಡದಾಗ ಉಗುಳು, ಕುಡೀತೀನಿ.”

ಮರುದಿನ ಬಸವಂತನಿಗೆ ಹೊಸ ಹೆಲ್ಮೆಟ್ಟು, ಹೊಸ ಬೂಟು. ಬೂಟು ಎರಡೂ ಎಡಗಾಲಿನವು. ಸೋಮಣ್ಣ ಕಿವಿ ಹಿಂಡಿ ಪಾಠ ಹೇಳಿದ: “ಏನ ಕೇಳಿದ್ರೂ ‘ವೆರಿ ಹ್ಯಾಪಿ’ ಅನ್ನು. ಪಾಹುಣೇರಿಗೆ ನಮ್ಮ ಪದ್ಧತಿ ಪರಕಾರ ಮರ್ಯಾದಿ ಮಾಡು. ಹೆಚ್ಚಿಗಿ ಬಾಯಿ ಬಿಟ್ಟಿ, ಬೂಟು ಬಾಯಾಗ ತುರುಕ್ತೀನಿ.”

ಹನ್ನೊಂದಕ್ಕೆ ನೂರು ಕಾರು ಬಂದವು. ಕಲಾವತಿಯ ಲೆಕ್ಕದಲ್ಲಿ ಏಳು. ಮೊದಲ ಕಾರಿನಿಂದ ಇಳಿದ ಪರದೇಶಿ ಒಂಬತ್ತಡಿ ಎತ್ತರವಿದ್ದ, ಇರಲಿ, ಏಳು ಅನ್ನಿ. ಬೂಟು ಮಾತ್ರ ಕನ್ನಡಿ. ಪಕ್ಕದಲ್ಲಿ ದುಭಾಷಿಯಾಗಿ ಮೃದುಲಾ ಮೇಡಂ. ಮೈಸೂರಿನಿಂದ ವರ್ಗವಾಗಿ ಬಂದು ಇದೇ ಊರಿನ ಪ್ರತಾಪ ನಗರದಲ್ಲಿ ಮನೆ ಮಾಡಿದ ಅಧಿಕಾರಿ. ಪರದೇಶಿ ಬಸವಂತನ ಕೈ ಕುಲುಕಿ ಏನೋ ಕೇಳಿದ.

“ಇಲ್ಲಿ ಕೆಲಸ ಹೇಗಿದೆ ಅಂತ ಕೇಳ್ತಿದಾರೆ. ಬೇಗ ಹೇಳಿ,” ಅಂದರು ಮೇಡಂ.

“ವೆರಿ...” ಎಂದ ಬಸವಂತ. ಮುಂದಿನದು ಬರಲಿಲ್ಲ. ಜಗತ್ತಿನಲ್ಲೇ ಅತಿ ಉದ್ದದ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆಗ ಪದ್ಧತಿ ನೆನಪಾಯಿತು. ಪಾವಣ್ಯಾರು ಬಿಸಿಲಲ್ಲಿ ನಿಂತಿದ್ದಾರೆ, ಇನ್ನೂ ಯಾರೂ ಕಾಲಿಗೆ ನೀರು ಕೊಟ್ಟಿಲ್ಲ! ಪರದೆಯತ್ತ ತಿರುಗಿ ಕೂಗಿದ:

“ಕಲಾವತೀ! ಪಾವಣ್ಯಾರು ಬಂದಾರ, ಕಾಲಿಗೆ ನೀರು ತಗೊಂಬಾ!”

“ಗೋಣಿ ಹಿಂಡಿದ ನೀರೈತಿ, ನಡೀತೈತೇನು?” ಪರದೆಯೊಳಗಿನಿಂದ ದನಿ.

“ನಾವು ಕುಡದೀವಿ, ಅವರು ಕಾಲು ತೊಳಕೊಂತಾರ. ತಾ! ನಮ್ಮ ನಳಾನೂ ಇಲ್ಲೇ ಐತಿ, ಎಲ್ಲಾರೂ ಕೊಡ ತಗೊಂಡ ಬರ್ರಿ!”

ಹಸಿರು ಪರದೆ ಎದ್ದಿತು. ಕಲಾವತಿ ತೂರಾಡುತ್ತ ಬಂದು, ಕೊಡದ ಬೂದಿ ನೀರನ್ನಷ್ಟೂ ಕನ್ನಡಿ ಬೂಟುಗಳ ಮೇಲೆ ಸುರಿದು, ಕೈಮುಗಿದು, ಖಾಲಿ ಕೊಡವನ್ನು ಕಾರಂಜಿಯ ಬಾಯಿಗೆ ಒಡ್ಡಿದಳು. ಹಿಂದೆ ಸಾಲಾಗಿ ಇನ್ನೂ ಹತ್ತೊಂಬತ್ತು ಕೊಡ.

ಸೋಮಣ್ಣನ ಕೈ ಮೇಲೆದ್ದಿತು. ಪರದೇಶಿ ಬೆರಗಾಗಿ ಇದೇನೆಂದು ಕೇಳಿದ. ಮೃದುಲಾ ಮೇಡಂಗೆ ಪ್ರತಿ ಮಾತೂ ಕನ್ನಡದಲ್ಲೇ ತಿಳಿದಿತ್ತು. ಕಲಾವತಿಯ ಒಡೆದ ತುಟಿಯಿಂದ ಕಣ್ಣು ಕಿತ್ತು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬಸವಂತನಿಗೆ ಕೇಳಿದ್ದು ಒಂದೇ ಮಾತು: “ಟ್ರೆಡಿಷನ್.”

ಪರದೇಶಿ ನಕ್ಕು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಕ್ಯಾಮರಾಗಳ ಎದುರು ಸೋಮಣ್ಣನ ಎತ್ತಿದ ಕೈಯೂ ಬೇರೆ ದಾರಿಯಿಲ್ಲದೆ ಇನ್ನೊಂದು ಕೈಗೆ ಬಡಿಯಿತು.

“ನಾಳೆ ನಿನ್ನ ಸಿಗಿದು ಬಿಡ್ತೀನಿ, ಬಾಡ್ಯಾ,” ಅಂದ, ನಗುತ್ತಲೇ.

“ವೆರಿ ಹ್ಯಾಪಿ ರೀ.”

ಒಂಬತ್ತನೆಯ ಕೊಡ ತುಂಬುವಾಗ ಪರದೇಶಿಯ ಬೂಟಿನ ಮೇಲಿನ ನೀರು ಒಣಗಿ ಬಿಳಿ ಪೊರೆ ಕಟ್ಟುತ್ತಿತ್ತು. ಅವನ ಚಪ್ಪಾಳೆ ನಿಧಾನವಾಯಿತು. ಗಡಿಯಾರ ನೋಡಿದ. ಸೋಮಣ್ಣ ಅಂಗಿಯ ತೋಳು ಮೇಲಕ್ಕೆ ಮಡಚತೊಡಗಿದ.

ಬಸವಂತ ಎರಡೂ ಎಡಗಾಲುಗಳನ್ನು ಎಳೆದುಕೊಂಡು ಮೃದುಲಾ ಮೇಡಂ ಹತ್ತಿರ ಹೋದ. ಅವನ ದನಿಯಲ್ಲಿ ಬಡಾಯಿ ಇರಲಿಲ್ಲ.

“ಚಪ್ಪಾಳಿ ನಿಂದರಸಬ್ಯಾಡ್ರೀ ಮೇಡಂ. ಇನ್ನೂ ಹನ್ನೊಂದು ಕೊಡ ಅದಾವ.”