ಹನ್ನೆರಡಾಣೆಯ ಬಿಲ್ಲು

ಬಿಲ್ಲು ಕೊಳ್ಳಲು ಬರುವವರಲ್ಲಿ ಮುಕ್ಕಾಲು ಮಂದಿ ದಡ್ಡರು. ಬಣ್ಣ ನೋಡುತ್ತಾರೆ, ಉದ್ದ ನೋಡುತ್ತಾರೆ, ಬೆಲೆ ಹೇಳಿದರೆ ನಾನೇನೋ ಅವರಪ್ಪನ ಗಂಟು ಕೇಳಿದೆ ಎನ್ನುವ ಹಾಗೆ ಮುಖ ಮಾಡುತ್ತಾರೆ. ಕಾಸಿಗೆ ತಕ್ಕ ಕಜ್ಜಾಯ ಎಂದರೆ ಅವರಿಗೆ ಕೋಪ ಬರುತ್ತದೆ. ನನಗೆ ಅವರಿಗಿಂತ ಹೆಚ್ಚು ಬರುತ್ತದೆ. ಕಾಕನಕೋಟೆ ಕಾಡಂಚಿನ ಹಾಡಿಗಳಲ್ಲಿ ಜವರನ ಬಿಲ್ಲು ಎಷ್ಟು ಹೆಸರುವಾಸಿಯೋ ಜವರನ ಬಾಯಿಯೂ ಅಷ್ಟೇ ಹೆಸರುವಾಸಿ. ಆ ಬಾಯಿ ಮಾಡಿದ ಕೆಲಸವನ್ನೇ ಈಗ ಹೇಳುತ್ತಿದ್ದೇನೆ.

ಆ ವರ್ಷ ಯುಗಾದಿ ಬೇಟೆಗೆ ನಾನು ಹೋಗಿರಲಿಲ್ಲ. ಕಾಲಿಗೆ ಬಿದಿರಿನ ಕೂಳೆ ಚುಚ್ಚಿ ಪಾದ ಕುಂಬಳಕಾಯಿಯಾಗಿತ್ತು. ಹಾಡಿಯವರೂ ಊರವರೂ ಸೇರಿ ಹೋದರು. ಒಂದು ಹಂದಿ ಬಿತ್ತು. ಮೊದಲ ಬಾಣ ಯಾರದೋ ಹಂದಿಯ ತಲೆ ಅವನದು, ಅದು ಬೇಟೆಯ ಕಟ್ಟಳೆ. ಆ ಸಲ ತಲೆಗಾಗಿ ಇಬ್ಬರು ಕಿತ್ತಾಡಿದರಂತೆ. ಹಿಂದಿರುಗುವ ದಾರಿಯಲ್ಲಿ ಬೀಚನಹಳ್ಳಿಯ ದಾಸಯ್ಯ ಎಂಬವನ ಕುತ್ತಿಗೆಗೆ ಪೊದೆಯೊಳಗಿನಿಂದ ಒಂದು ಬಾಣ ಬಂದು ಹೊಕ್ಕಿತು. ಇನ್ನೊಂದು ಹಂದಿಗೆ ಬಿಟ್ಟದ್ದು ಗುರಿ ತಪ್ಪಿತು ಎಂದರು. ಯಾರು ಬಿಟ್ಟದ್ದು ಎಂದರೆ ಎಲ್ಲರೂ ನೆಲ ನೋಡಿದರು. ನನ್ನ ಅಳಿಯ ಚಿಕ್ಕಬೊಮ್ಮ ಅವತ್ತು ಉಣ್ಣದೆ ಮಲಗಿದ. ಸಾವು ನೋಡಿ ಬಂದಿದ್ದಾನೆ, ಪಾಪ, ಎಂದುಕೊಂಡೆ.

ಅದಾಗಿ ತಿಂಗಳಿಗೆ ಒಬ್ಬ ಬಂದ. ಮೂವತ್ತರ ಆಸುಪಾಸಿನವನು, ಹೆಗಲ ಮೇಲೆ ಕಂಬಳಿ. ಹೆಸರು ಮರಿಯಯ್ಯ ಎಂದ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ.

"ಒಂದು ಬಿಲ್ಲು ಬೇಕಿತ್ತು ಕಣಣ್ಣ. ಅಂದಿ ಕಾಟ. ಗಾವಡಗೆರೆ ಕಡೆಯೋನು ನಾನು."

"ಗಾವಡಗೆರೆಯಿಂದ ಇಲ್ಲೀಗಂಟ ನಡ್ಕಬಂದ್ಯಾ? ದಾರೀಲಿ ಎಲ್ಲೂ ಬಿಲ್ಲು ಸಿಕ್ನಿಲ್ವಾ?"

"ಬಿಲ್ಲು ಸಿಕ್ತವೆ. ಜವರಣ್ಣನ ಬಿಲ್ಲು ಸಿಕ್ಕಲ್ವಲ್ಲ."

ಅಷ್ಟಕ್ಕೇ ನಾನು ಉಬ್ಬಿಹೋದೆ. ಆದರೂ ವ್ಯಾಪಾರ ವ್ಯಾಪಾರವೇ. ಕೈಯಲ್ಲಿ ಎಷ್ಟಿದೆ ಎಂದು ಕೇಳಿದೆ. ಹನ್ನೆರಡಾಣೆ ಎಂದ.

"ಅನ್ನೆರಡಾಣೆಗೆ ಒಳ್ಳೆ ಬಿಲ್ಲಾ? ಬರೀ ಹೆದೆ ಕೊಡ್ತೀನಿ, ಸೊಂಟಕ್ಕೆ ಕಟ್ಕಂಡು ಓಗು!"

ಅವನು ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲೇ ಕುಳಿತ. ನನ್ನ ಬಳಿ ಆಗ ಮೂರು ಬಿಲ್ಲುಗಳಿದ್ದವು. ಒಂದು ಬಾಗಿಲಿಗೆ ತೂಗುಹಾಕಿದ್ದು, ಅರಗಿನ ಬಣ್ಣ ಬಳಿದದ್ದು, ಹುಣಸೂರು ಸಂತೆಯ ಮೂರ್ಖರಿಗೆಂದೇ ಮಾಡಿದ್ದು, ಹತ್ತಾಣೆ. ಇನ್ನೊಂದು ಒಲೆಯ ಮೇಲಿನ ಅಟ್ಟದಲ್ಲಿ ಆರು ವರ್ಷ ಹೊಗೆ ಕುಡಿದು ಕಾಡಿಗೆಯ ಹಾಗಾಗಿದ್ದು, ಎರಡು ರೂಪಾಯಿ. ಮಧ್ಯದ್ದು ಸೊಟ್ಟ ಮೋರೆಯದು, ಗಂಟು ಗಂಟು, ಆದರೆ ಗಟ್ಟಿ ಬಿದಿರು, ಹುಳ ಬೀಳದಿರಲೆಂದು ಕತ್ತಲ ಪಕ್ಷದಲ್ಲಿ ಕಡಿದದ್ದು. ಅದಕ್ಕೆ ಒಂದು ರೂಪಾಯಿ. ಕಾಸಿಲ್ಲದವನು ಸಾಮಾನ್ಯವಾಗಿ ಬಣ್ಣದ್ದಕ್ಕೆ ಕೈ ಹಾಕುತ್ತಾನೆ. ಇವನು ಕೈ ಕಟ್ಟಿಕೊಂಡು, "ಎಂಗೆ ಆರಿಸ್ಬೇಕು ಏಳ್ಕೊಡಣ್ಣ" ಎಂದ.

ಇಂಥ ಮಾತು ಯಾವ ಗಿರಾಕಿಯೂ ನನ್ನನ್ನು ಕೇಳಿರಲಿಲ್ಲ.

"ಮೊದ್ಲು ಚರ್ಮ ನೋಡು" ಎಂದೆ. "ಬಿದಿರಿನ ಬಲವೆಲ್ಲ ಚರ್ಮದಾಗೆ ಕಣಪ್ಪ. ಉಗುರಾಕಿ ನೋಡು, ಎಲ್ಲೂ ಗೀರಿರಬಾರ್ದು. ಕೈ ಇಡಿಯೋ ಜಾಗಕ್ಕೆ ದಾರ ಸುತ್ತಿದ್ರೆ ಬಿಚ್ಸಿ ನೋಡು. ಕಳ್ಳನ್ಮಕ್ಳು ಕೆಟ್ಟಿದ್ದೆಲ್ಲ ದಾರದಡೀಲಿ ಮುಚ್ಚಿರ್ತಾರೆ. ಆಮೇಲೆ ಮೂಸು. ಒಗೆ ವಾಸ್ನೆ ಇದ್ರೆ ಉಳ ಬೀಳಲ್ಲ. ಆಮೇಲೆ ಕಿವಿಗಂಟ ಎಳ್ದು ಕೇಳು. ಕಿರ್ ಅಂದ್ರೆ ಒಲೆಗಾಕು, ಉಸಿರೆತ್ತದಿದ್ರೆ ತಗೋ."

ಅವನು ಹೇಳಿದ್ದನ್ನೆಲ್ಲ ಮಾಡಿದ. ಬಣ್ಣದ್ದನ್ನು ಎಳೆದ, ಅದು ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು. ಪಕ್ಕಕ್ಕಿಟ್ಟ. ಸೊಟ್ಟ ಮೋರೆಯದನ್ನು ಎಳೆದ. ಸದ್ದಿಲ್ಲ. ಎದುರಿನ ಮತ್ತಿ ಮರಕ್ಕೆ ಗುರಿ ಹಿಡಿದು ನಿಂತ.

ನನಗೆ ರೇಗಿತು. "ಏನಯ್ಯಾ, ನಿಮ್ಮೂರಂದಿ ಎರಡು ಕಾಲ್ನಾಗೆ ನಡೀತದಾ? ಎದೆಯೆತ್ತರಕ್ಕೆ ಇಡಿದಿದ್ದೀಯಲ್ಲ! ಮೊಣಕಾಲೆತ್ತರಕ್ಕೆ ಇಳ್ಸು!"

ಅವನು ನಕ್ಕ. ಇಳಿಸಲಿಲ್ಲ. ಬಿಲ್ಲನ್ನು ಕೆಳಗಿಟ್ಟು ಕಂಬಳಿಯ ಮಡಿಕೆಯಿಂದ ಗರಿಯ ಕಡೆಯ ಅರ್ಧ ಬಾಣವೊಂದನ್ನು ತೆಗೆದು ನನ್ನ ಮುಂದೆ ಹಿಡಿದ. "ಇಂಥವು ಈ ಬಿಲ್ಲಿಗೆ ಆಗ್ತವಾ? ಇಂಥವೇ ನಾಕು ಬೇಕಿತ್ತು" ಎಂದ.

ಕಪ್ಪು ಬಿಳಿ ಮಂಗಟ್ಟೆ ಹಕ್ಕಿಯ ಗರಿ. ಜೇನುಮೇಣ ತೀಡಿ ನರದಿಂದ ಬಿಗಿದದ್ದು. ನನ್ನ ಕೈ ನನಗೆ ಗೊತ್ತಾಗದೆ ಇರುತ್ತದೆಯೇ?

"ಅಯ್ಯೋ ನಿನ್ನ, ಇದು ನಂದೇ ಕಣೋ!" ಎಂದು ತೊಡೆ ತಟ್ಟಿದೆ. "ಈ ಸೀಮೇಲಿ ಮಂಗಟ್ಟೆ ಗರಿ ಇಂಗೆ ಕಟ್ಟೋನು ಇನ್ಯಾವನವ್ನೆ? ಐದೇ ಐದು ಮಾಡಿದ್ದು. ಮಗಳ ಮದುವೇಲಿ ಅಳೀಂಗೆ ಕೊಟ್ಟೆ. ದುಡ್ಡಿಗೆ ಕೊಡೋವಲ್ಲ ಇವು."

"ಅಳಿಯ ಅಂದ್ರೆ?"

"ಚಿಕ್ಕಬೊಮ್ಮ. ಬಲೇ ಗುರಿಕಾರ! ಇವತ್ತು ಒಳೆ ದಡದಾಗೆ ಬಿದಿರು ಸೀಳ್ತಾವ್ನೆ. ಬೇಕಾದ್ರೆ ಓಗಿ ಕೇಳು, ಬಾಣ ಎಂಗೆ ಬಿಡೋದು ಅಂತ ತೋರುಸ್ತಾನೆ."

ಹೀಗೆ ಎಲ್ಲವನ್ನೂ ಹೇಳಿದೆ. ಹೆಸರು, ಜಾಗ, ಮಾಡುತ್ತಿರುವ ಕೆಲಸ. ಆಮೇಲೆ ಕಣ್ಣು ಬಾಣದ ಇನ್ನೊಂದು ತುದಿಗೆ ಹೋಯಿತು. ಅದು ಮುರಿದದ್ದಲ್ಲ, ಚಾಕುವಿನಿಂದ ಸುತ್ತ ಕುಯ್ದು ತೆಗೆದದ್ದು. ಹಂದಿಗೆ ಹೊಕ್ಕ ಬಾಣವನ್ನು ಯಾರೂ ಕುಯ್ಯುವುದಿಲ್ಲ, ಕಾಲು ಕೊಟ್ಟು ಕಿತ್ತುಕೊಳ್ಳುತ್ತಾರೆ. ಮನುಷ್ಯನ ಮೈಯಿಂದ ತೆಗೆಯುವಾಗ ಮಾತ್ರ ಹೀಗೆ ಕುಯ್ದು, ಮುಂದಕ್ಕೆ ಎಳೆದು ತೆಗೆಯುತ್ತಾರೆ. ಗರಿಯ ಬುಡದಲ್ಲಿ ರಕ್ತ ಒಣಗಿ ಕರಿ ಹತ್ತಿತ್ತು.

ಇವನು ಗಾವಡಗೆರೆಯವನಲ್ಲ. ಸತ್ತ ದಾಸಯ್ಯನಿಗೊಬ್ಬ ಅಣ್ಣನಿದ್ದಾನೆ ಎಂದು ಕೇಳಿದ್ದೆ, ಇವನೇ ಆ ಅಣ್ಣ. ಬಿಲ್ಲಿಗಾಗಿ ಬಂದವನು ಬಿಲ್ಲಿನ ಜೊತೆ ಒಂದು ಹೆಸರನ್ನೂ ಹುಡುಕಿಕೊಂಡು ಬಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಥೂ ನನ್ನ ಬಾಯಿಗೆ! ನನ್ನ ಮಗಳು ಕೆಂಚಿ ಆಗ ಏಳು ತಿಂಗಳ ಬಸುರಿ.

ಕೊಡುವುದಿಲ್ಲ ಎಂದರೆ? ಇನ್ನೊಂದು ಹಾಡಿಯಲ್ಲಿ ಕೊಳ್ಳುತ್ತಾನೆ. ಕೊಡಲಿ ತಂದರೂ ತಂದಾನು. ಅಳಿಯ ಬೇಕೆಂದು ಹೊಡೆದಿರಲಾರ, ಗುರಿ ತಪ್ಪಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಬಿಲ್ಲೇ ಇವನ ಕೈಯಲ್ಲಿದ್ದರೆ ಅದು ಏನು ಮಾಡುತ್ತದೆ ಎಂದಾದರೂ ನನಗೆ ಗೊತ್ತಿರುತ್ತದೆ.

"ಇಡಿ ಸಡಿಲ ಆಗ್ಯದೆ, ದಾರ ಸುತ್ತಿ ಕೊಡ್ತೀನಿ ತಾಳು" ಎಂದು ಸೊಟ್ಟ ಬಿಲ್ಲನ್ನು ಒಳಗೆ ಒಯ್ದೆ. ಚಾಕು ತೆಗೆದುಕೊಂಡು ಹಿಡಿಯ ಜಾಗದಲ್ಲಿ ಚರ್ಮವನ್ನು ಅಡ್ಡಡ್ಡ ಕುಯ್ದೆ. ಎರಡು ಸಲ. ನಲವತ್ತು ವರ್ಷದ ಕಸುಬಿನಲ್ಲಿ ನಾನು ಬಿದಿರಿನ ಬೆನ್ನಿಗೆ ಚಾಕು ತಾಗಿಸಿದವನಲ್ಲ. ಕೂಸಿನ ಕತ್ತು ಕುಯ್ದಂತಾಯಿತು. ಮೇಲೆ ಮೇಣ ತೀಡಿ, ದಾರ ಸುತ್ತಿ ತಂದುಕೊಟ್ಟೆ.

"ಮೂರು ದಿನ ಎಳೀಬೇಡ. ಮೇಣ ಆರಲಿ" ಎಂದೆ. "ಅನ್ನೆರಡಾಣೆಯೇ ಕೊಡು."

ಅವನು ದಾರ ಬಿಚ್ಚಿಸಲಿಲ್ಲ. ಆಗಲೇ ಒಮ್ಮೆ ನೋಡಿದ್ದೇನಲ್ಲ ಎಂದು ನಂಬಿದ. ಜೊತೆಗೆ ಕೊಟ್ಟ ಎರಡು ಬಾಣಗಳನ್ನು ಕಂಬಳಿಗೆ ಸಿಕ್ಕಿಸಿ, ದುಡ್ಡು ಇಟ್ಟು, ಕೈಮುಗಿದು ಹೊರಟ. ಗಾವಡಗೆರೆಯ ದಾರಿ ಬಡಗಲಿಗೆ. ಅವನು ಹೊಳೆಯ ಕಡೆಗೆ ತಿರುಗಿದ. ನಾನೂ ಕುಂಟಿಕೊಂಡು ಹಿಂದೆಯೇ ಹೋದೆ. ಗಾಯದ ಕಾಲು, ಹೆಜ್ಜೆಗೊಂದು ಜೀವ ಹೋಗುತ್ತಿತ್ತು.

ನಾನು ಹೊಳೆ ದಡಕ್ಕೆ ಹೋಗುವಷ್ಟರಲ್ಲಿ ಅವನು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಚಿಕ್ಕಬೊಮ್ಮ ಕುಳಿತು ಬಿದಿರು ಸೀಳುತ್ತಿದ್ದ. "ಚಿಕ್ಕಬೊಮ್ಮ ಅಂದ್ರೆ ನೀನೇಯೇನ್ಲಾ?" ಎಂದು ಮರಿಯಯ್ಯ ಕೂಗಿದ. ಅಳಿಯ ಎದ್ದು ನಿಂತ. ಮರಿಯಯ್ಯ ಎದೆಯೆತ್ತರಕ್ಕೆ ಗುರಿ ಹಿಡಿದು ಕಿವಿಯವರೆಗೆ ಎಳೆದ.

ಬಿಲ್ಲು ಠಳಾರನೆ ಸಿಡಿಯಿತು. ಬಾಣ ಎಲ್ಲಿ ಹೋಯಿತೋ ನೋಡಲಿಲ್ಲ. ಮೇಲಿನ ಅರ್ಧ ಹಿಂದಕ್ಕೆ ಬಡಿದು, ಕತ್ತಿಯಂಥ ಸೀಳೊಂದು ಅವನ ಎಡಗಣ್ಣಿಗೆ ಹೊಕ್ಕಿತು. ಕೆನ್ನೆ ಬಾಯಿಯವರೆಗೆ ಹರಿದು ಹಲ್ಲು ಕಂಡವು. ಅವನು ಅಮ್ಮಾ ಎನ್ನುತ್ತಾ ಮೊಣಕಾಲೂರಿದ. ಸೀಳನ್ನು ತಾನೇ ಹಿಡಿದು ಕಿತ್ತ. ಕಣ್ಣು ಅದರ ಜೊತೆಗೇ ಬಂತು.

ಅಳಿಯ ಮಚ್ಚು ಎತ್ತಿಕೊಂಡು ಓಡಿಬಂದ. ಹೆದರಿ ಬಂದವನ ಮುಖವಲ್ಲ ಅದು.

"ನಿನ್ ತಮ್ಮಂಗೂ ಏಳ್ದೆ ಕಣ್ಲಾ! ಮೊದ್ಲು ಬಾಣ ನಂದು, ತಲೆ ನಂದು, ಬುಡು ಅಂದೆ. ಬುಡ್ನಿಲ್ಲ. ಅದ್ಕೇ ಕತ್ತಿಗೆ ಕೊಟ್ಟೆ! ಒಬ್ಬ ಸತ್ತಿದ್ದು ಸಾಲ್ದಾ ನಿಮ್ಮನೇಗೆ?"

ಗುರಿ ತಪ್ಪಿರಲಿಲ್ಲ. ಪೊದೆಯಲ್ಲಿ ಕಾದು ಕುಳಿತು ಹೊಡೆದಿದ್ದ. ನನ್ನ ಮದುವೆ ಉಡುಗೊರೆಯ ಬಾಣದಿಂದ ಹೊಡೆದಿದ್ದ.

ನೆಲದಲ್ಲಿ ಬಿದ್ದಿದ್ದ ಬಿಲ್ಲಿನ ತುಂಡು ನನ್ನ ಕೈಗೆ ಹೇಗೆ ಬಂತೋ. ಮಚ್ಚು ಹಿಡಿದ ಕೈಗೆ ಬೀಸಿದೆ. ಮಣಿಕಟ್ಟು ಲಟಕ್ಕೆಂದಿತು, ಮಚ್ಚು ಬಿತ್ತು. "ಒಂದು ಅಂದಿ ತಲೆಗೇನ್ಲಾ? ಮುಂಡೇಗಂಡ, ಒಂದು ಅಂದಿ ತಲೆಗೇನ್ಲಾ?" ಎಂದು ಮೋರೆಯ ಮೇಲೆ, ಬೆನ್ನಿನ ಮೇಲೆ, ಸಿಕ್ಕಸಿಕ್ಕಲ್ಲಿ ಬಾರಿಸಿದೆ. ಎರಡು ಹಲ್ಲು ಉಗುಳಿ ಅವನು ಕಾಡಿಗೆ ಬಿದ್ದು ಓಡಿದ. ಸಂಜೆಯೊಳಗೆ ಕೆಂಚಿಯನ್ನೂ ಕರೆದುಕೊಂಡು ವೈನಾಡಿನ ದಾರಿ ಹಿಡಿದ. ಅವಳು ಹಿಂತಿರುಗಿ ನೋಡಿಕೊಂಡೇ ಹೋದಳು ಎಂದು ನೆರೆಯವರು ಹೇಳಿದರು.

ಆದರೆ ನನ್ನನ್ನು ತಿಂದದ್ದು ಅದಲ್ಲ. ನಾನು ತಿರುಗಿ ನೋಡಿದಾಗ ಮರಿಯಯ್ಯ ರಕ್ತದಲ್ಲಿ ಕುಳಿತಿದ್ದ. ಬಿಲ್ಲಿನ ಇನ್ನೊಂದು ತುಂಡು ಅವನ ತೊಡೆಯ ಮೇಲಿತ್ತು. ಬಿಚ್ಚಿಕೊಂಡ ದಾರದಡಿಯಲ್ಲಿ ಹೆಬ್ಬೆರಳಾಡಿಸಿ, ಮುರಿದ ಅಂಚಿನಲ್ಲಿ ನೆಟ್ಟಗಿದ್ದ ಗೀರನ್ನು ಹುಡುಕಿದ. ನಾನೇ ಕಲಿಸಿದ ವಿದ್ಯೆ.

"ಚರ್ಮ ಕುಯ್ದಿದ್ದೀಯ ಜವರಣ್ಣ" ಎಂದ.

ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಹೊಳೆಯ ನೀರಲ್ಲಿ ಮುಖ ತೊಳೆದು, ಕಂಬಳಿ ಒತ್ತಿಹಿಡಿದು ನಡೆದುಹೋದ.

ಮಳೆ ಹಿಡಿಯುವವರೆಗೂ ನಾನು ಒಂದು ಬಿಲ್ಲನ್ನೂ ಮಾಡಲಿಲ್ಲ. ಹನ್ನೆರಡಾಣೆ ಗೂಡಿನಲ್ಲೇ ಇತ್ತು. ಒಬ್ಬ ಬಡವ ಕಾಸು ಕೂಡಿಸಿ ತಂದು ಬಿಲ್ಲು ಕೇಳಿದ, ನಾನು ಸೌದೆ ಕೊಟ್ಟೆ. ಅದೂ ಯಾರನ್ನು ಉಳಿಸಲು? ನಾಚಿಕೆಯಿಂದ ಮೈ ಉರಿಯುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ ಅಟ್ಟದ ಮೇಲಿನ ಕರೀ ಬಿಲ್ಲನ್ನು ಇಳಿಸಿದೆ. ಅಳಿಯನ ಗುಡಿಸಲಲ್ಲಿ ಉಳಿದಿದ್ದ ಮಂಗಟ್ಟೆ ಗರಿಯ ಬಾಣವೊಂದನ್ನು ತೆಗೆದುಕೊಂಡು ಬೀಚನಹಳ್ಳಿಗೆ ನಡೆದೆ.

ಮರಿಯಯ್ಯ ಜಗಲಿಯಲ್ಲಿದ್ದ. ಎಡಗಣ್ಣಿನ ಜಾಗದಲ್ಲಿ ಗುಳಿ. ಅವನ ತಾಯಿ ಚಿಕ್ಕಮಾದಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ನಾನು ಬಿಲ್ಲನ್ನೂ ಬಾಣವನ್ನೂ ಅವನ ಮುಂದಿಟ್ಟೆ.

"ನೀನು ಕೊಟ್ಟ ಅನ್ನೆರಡಾಣೆಗೆ ಇದು" ಎಂದೆ.

ಅವನು ಹಿಡಿಯ ದಾರವನ್ನು ಪೂರ್ತಿ ಬಿಚ್ಚಿದ. ಚರ್ಮಕ್ಕೆ ಉಗುರು ಹಾಕಿ ನೋಡಿದ. ಮೂಸಿದ. ಎದ್ದು, ಬಾಣ ಹೂಡಿ, ಕಿವಿಯವರೆಗೆ ಎಳೆದು, ನನ್ನ ಎದೆಗೆ ಹಿಡಿದ. ಗುರಿಗೆ ಒಂದು ಕಣ್ಣು ಸಾಕು. ಬಿಲ್ಲು ಉಸಿರೆತ್ತಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಹೆಮ್ಮೆಯಾಯಿತು.

"ಎಲ್ಲವ್ನೆ ನಿನ್ನಳಿಯ?"

ನನಗೆ ಗೊತ್ತಿತ್ತು. ಕೆಂಚಿಗೆ ಹೆಣ್ಣು ಮಗುವಾಗಿದೆ ಎಂದು ಹಿಂದಿನ ವಾರವಷ್ಟೇ ಸುದ್ದಿ ಬಂದಿತ್ತು. ಊರಿನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಜನ್ಮದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡೆ.

ಅವನು ಇನ್ನೊಂದು ಸಲ ಕೇಳಿದ. ಮತ್ತೊಂದು ಸಲ ಕೇಳಿದ. "ಬುಡ್ಲಾ ಮಗ, ಬುಡು" ಎಂದು ಚಿಕ್ಕಮಾದಮ್ಮ ಅತ್ತಳು. ಬಿಲ್ಲನ್ನು ಬಿಡು ಎಂದಳೋ ಬಾಣವನ್ನು ಬಿಡು ಎಂದಳೋ ಅವಳಿಗೇ ಗೊತ್ತು. ಕೊನೆಯಲ್ಲಿ ಅವನ ಗುರಿ ಎದೆಯಿಂದ ಒಂದು ಗೇಣು ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ನೋಡಿದೆ.

ಬಾಣ ನನ್ನ ಬಲಭುಜವನ್ನು ತೂರಿ ಹಿಂದಿನ ಕಂಬಕ್ಕೆ ನಾಟಿತು. ನಾನು ಅದರ ಜೊತೆ ಕಂಬಕ್ಕೆ ಸಿಕ್ಕಿಕೊಂಡು ನಿಂತೆ. ಕೂಗಿದೆನೋ ಇಲ್ಲವೋ ನೆನಪಿಲ್ಲ.

ಮರಿಯಯ್ಯ ಬಿಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಚಾಕು ತಂದ. ನನ್ನ ಭುಜವನ್ನು ಒಂದು ಕೈಯಿಂದ ಒತ್ತಿಹಿಡಿದು, ಮಂಗಟ್ಟೆ ಗರಿಯ ಕೆಳಗೆ ಸುತ್ತ ಕುಯ್ಯತೊಡಗಿದ. ಕಾಲು ಕೊಟ್ಟು ಕೀಳಲಿಲ್ಲ. ಮೆಲ್ಲಗೆ, ನೋವಾಗದ ಹಾಗೆ ಕುಯ್ದ. ತಮ್ಮನಿಗೆ ಕುಯ್ದ ಕೈ ಅದು, ಅಭ್ಯಾಸವಿತ್ತು.

ಆ ತೋಳು ಇವತ್ತಿಗೂ ಮೇಲೆ ಏಳುವುದಿಲ್ಲ. ಬಿಲ್ಲು ಮಾಡುವುದು ಅಲ್ಲಿಗೆ ನಿಂತಿತು. ಕರೀ ಬಿಲ್ಲು ಬೀಚನಹಳ್ಳಿಯಲ್ಲೇ ಇದೆ. ಮೊಮ್ಮಗಳನ್ನು ನಾನು ನೋಡಿಲ್ಲ. ನೋಡಲು ಹೋದರೆ ಹಿಂದೆ ಯಾರಾದರೂ ಬಂದಾರು.